ಕೂರಲು ಗುಂಡಿ, ನೋಡಲು ಕನ್ನಡಿ: ಮಕ್ಕಳು ಬೆಳೆಯುವ ಬಗೆಬಗೆ

[ತೆರೆಯ ಮೇಲೆ: ನೆಲದಲ್ಲಿ ಸಣ್ಣ ಗುಂಡಿ, ಅದರೊಳಗೆ ಕೂತ ಮಗುವಿನ ರೇಖಾಚಿತ್ರ]

ನಮಸ್ಕಾರ. ಮಗುವನ್ನು ಯಾರೋ ಗುಂಡಿಯಲ್ಲಿ ಕೂರಿಸಿದ್ದಾರಲ್ಲ ಎಂದು ಗಾಬರಿ ಬೇಡ. ಇದೊಂದು ಪಾಠ. ಕೀನ್ಯಾದ ಕಿಪ್ಸಿಗಿಸ್ ಕುಟುಂಬಗಳಲ್ಲಿ ಮಗುವಿಗೆ ಐದಾರು ತಿಂಗಳಾದರೆ ಹೀಗೆ ಗುಂಡಿ ತೋಡಿ ಅದರಲ್ಲಿ ಕೂರಿಸುತ್ತಿದ್ದರು. ಇಲ್ಲವೇ ಸುತ್ತ ಕಂಬಳಿ ಸುತ್ತಿಡುತ್ತಿದ್ದರು. ಬೆನ್ನಿಗೆ ಆಸರೆ ಸಿಗುತ್ತದೆ, ಮಗು ವಾಲುವುದಿಲ್ಲ. ದಿನಾ ಇದೇ ಅಭ್ಯಾಸ. ಆಮೇಲೆ ಕೈ ಹಿಡಿದು ನಡೆಸುವ ಪಾಠ ಶುರು.

1970ರ ದಶಕದಲ್ಲಿ ಚಾರ್ಲ್ಸ್ ಸೂಪರ್ ಎಂಬ ಸಂಶೋಧಕರು ಇದನ್ನು ಹತ್ತಿರದಿಂದ ನೋಡಿದರು. ಆಫ್ರಿಕಾದ ಮಕ್ಕಳು ಹುಟ್ಟಿನಿಂದಲೇ ಮುಂದಿರುತ್ತಾರೆ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ನಿಜ, ಈ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಕೂರುತ್ತಿದ್ದರು, ನಡೆಯುತ್ತಿದ್ದರು. ಆದರೆ ಅಂಬೆಗಾಲಿನಲ್ಲಿ ಮುಂದಿರಲಿಲ್ಲ. ಬೋರಲಾಗಿ ಮಲಗಿ ತಲೆ ಎತ್ತುವುದರಲ್ಲಂತೂ ಹಿಂದೆಯೇ. ಯಾಕೆ? ಅವನ್ನು ಯಾರೂ ಕಲಿಸುತ್ತಿರಲಿಲ್ಲ, ಅಷ್ಟೇ. ರಕ್ತದಲ್ಲೇ ಇದ್ದ ಗುಣವಾಗಿದ್ದರೆ ಎಲ್ಲದರಲ್ಲೂ ಮುಂದಿರಬೇಕಿತ್ತು, ಅಲ್ವಾ?

ಅಮೆರಿಕದಲ್ಲೂ ಇದೇ ಆಯಿತು. ಹಠಾತ್ ಶಿಶು ಮರಣ ತಡೆಯಲು 1990ರ ದಶಕದಲ್ಲಿ ಮಕ್ಕಳನ್ನು ಬೆನ್ನ ಮೇಲೆ ಮಲಗಿಸಿ ಎಂದು ಅಲ್ಲಿ ದೊಡ್ಡ ಪ್ರಚಾರ ನಡೆಯಿತು. ಸಾವು ಕಡಿಮೆಯಾಯಿತು. ಜೊತೆಗೆ ಹೀಗೆ ಮಲಗುವ ಮಕ್ಕಳು ಅಂಬೆಗಾಲಿಡುವುದು ಸ್ವಲ್ಪ ತಡವಾಯಿತು. ನಡೆಯುವ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು.

[ತೆರೆಯ ಮೇಲೆ: ಕನ್ನಡಿ ಮುಂದೆ ಮಗು, ಮುಖದ ಮೇಲೆ ಬಣ್ಣದ ಚುಕ್ಕೆ]

ಸರಿ, ಇದು ಕೈಕಾಲಿನ ವಿಷಯ. ಮನಸ್ಸಿನ ಕಥೆ ಏನು? ಹೈಡಿ ಕೆಲ್ಲರ್ ಮತ್ತು ಸಂಗಡಿಗರ 2004ರ ಅಧ್ಯಯನ ನನಗೆ ತುಂಬ ಇಷ್ಟ. ಕ್ಯಾಮರೂನ್‌ನ ನ್ಸೋ ರೈತರು, ಗ್ರೀಸ್‌ನ ಅಥೆನ್ಸ್ ನಗರದವರು, ಕೋಸ್ಟರಿಕದ ನಗರದವರು, ಹೀಗೆ ಮೂರು ಗುಂಪು. ಮೂರು ತಿಂಗಳ ಮಗುವಿನ ಜೊತೆ ತಾಯಿ ಹೇಗಿರುತ್ತಾಳೆ ಎಂದು ಮೊದಲು ನೋಡಿದರು. ನ್ಸೋ ತಾಯಂದಿರು ಮಗುವನ್ನು ಮೈಗೆ ಅಂಟಿಸಿಕೊಂಡು, ಕುಣಿಸುತ್ತ ಇರುತ್ತಿದ್ದರು. ಅಥೆನ್ಸ್‌ನವರು ಎದುರು ಮಲಗಿಸಿ, ಮುಖ ನೋಡುತ್ತ, ಆಟಿಕೆ ತೋರಿಸುತ್ತಿದ್ದರು.

ಮಕ್ಕಳಿಗೆ ಒಂದೂವರೆ ವರ್ಷವಾದ ಮೇಲೆ ಎರಡು ಪರೀಕ್ಷೆ. ಒಂದು, ಮಗುವಿಗೆ ಗೊತ್ತಾಗದಂತೆ ಮುಖಕ್ಕೆ ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಡುವುದು. ಕೈ ತನ್ನ ಮುಖಕ್ಕೆ ಹೋದರೆ, ಅದು ನಾನೇ ಎಂದು ಗೊತ್ತಾಗಿದೆ ಎಂದರ್ಥ. ಇದರಲ್ಲಿ ಅಥೆನ್ಸ್ ಮಕ್ಕಳು ಮುಂದು. ಇನ್ನೊಂದು, ಹೇಳಿದ ಸಣ್ಣ ಕೆಲಸ ಮಾಡುವುದು, ಬೇಡ ಎಂದರೆ ತಡೆದುಕೊಳ್ಳುವುದು. ಇದರಲ್ಲಿ ನ್ಸೋ ಮಕ್ಕಳು ಮುಂದು. ಕೋಸ್ಟರಿಕದವರು ಎರಡರಲ್ಲೂ ನಡುವೆ. ಕನ್ನಡಿ ಪರೀಕ್ಷೆ ಒಂದನ್ನೇ ಮಾಡಿ ಬಂದಿದ್ದರೆ ನ್ಸೋ ಮಕ್ಕಳು ಹಿಂದುಳಿದಿದ್ದಾರೆ ಎಂದು ಬರೆದುಬಿಡುತ್ತಿದ್ದರು. ಯಾವ ಪರೀಕ್ಷೆ ಇಡುತ್ತೇವೆ ಎನ್ನುವುದರಲ್ಲೇ ಅರ್ಧ ಫಲಿತಾಂಶ ಇರುತ್ತದೆ.

ತಾಯಿ ಕೋಣೆಯಿಂದ ಸ್ವಲ್ಪ ಹೊತ್ತು ಹೊರಗೆ ಹೋದಾಗ, ಮತ್ತೆ ಬಂದಾಗ ಮಗು ಏನು ಮಾಡುತ್ತದೆ ಎಂದು ನೋಡಿ, ತಾಯಿ ಮಗುವಿನ ನಂಟು ಹೇಗಿದೆ ಎಂದು ತಿಳಿಯುವ ಮನಶ್ಶಾಸ್ತ್ರಜ್ಞೆ ಮೇರಿ ಏನ್ಸ್‌ವರ್ತ್ ಅವರ ಪರೀಕ್ಷೆಯೂ ಹೀಗೇ. ಜಪಾನಿನ ಸಪ್ಪೊರೊದಲ್ಲಿ ಕೆಲವು ಮಕ್ಕಳು ಎಷ್ಟು ಅತ್ತವೆಂದರೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ತಾಯಿಯನ್ನು ಬಿಟ್ಟು ಇದ್ದ ಅಭ್ಯಾಸವೇ ಆ ಮಕ್ಕಳಿಗೆ ಇರಲಿಲ್ಲ.

ಹಾಗಂತ ಜಪಾನಿನವರು ಹೀಗೆ, ಜರ್ಮನಿಯವರು ಹಾಗೆ ಎಂದು ಸುಮ್ನೆ ಹಣೆಪಟ್ಟಿ ಹಚ್ಚಬೇಡಿ. ಎಂಟು ದೇಶಗಳ ಇಂಥ ಅಧ್ಯಯನಗಳನ್ನು 1988ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದ ಒಳಗಿನ ವ್ಯತ್ಯಾಸವೇ ಸುಮಾರು ಒಂದೂವರೆ ಪಟ್ಟು ಜಾಸ್ತಿ ಇತ್ತು.

[ತೆರೆಯ ಮೇಲೆ: 8 ತಿಂಗಳಿಂದ 18 ತಿಂಗಳವರೆಗೆ ಉದ್ದ ಗೆರೆ]

ಪಕ್ಕದ ಮನೆ ಮಗು ನಡೆಯಿತು, ನಮ್ಮದು ಇನ್ನೂ ಇಲ್ಲ ಎನ್ನುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿದಾಗ, ಆಸರೆಯಿಲ್ಲದೆ ನಡೆಯುವ ವಯಸ್ಸು ಸುಮಾರು 8ರಿಂದ 18 ತಿಂಗಳವರೆಗೆ ಹರಡಿತ್ತು. ಶೇಕಡಾ 4ರಷ್ಟು ಮಕ್ಕಳು ಅಂಬೆಗಾಲು ಇಡಲೇ ಇಲ್ಲ, ನೇರ ಮುಂದಿನ ಹಂತಕ್ಕೆ ಹೋದರು. ಆದರೆ 18 ತಿಂಗಳು ದಾಟಿದರೂ ನಡೆಯದಿದ್ದರೆ, ಅಥವಾ ಕಲಿತದ್ದನ್ನು ಮಗು ಬಿಡುತ್ತಿದ್ದರೆ, ವೈದ್ಯರಿಗೆ ತೋರಿಸಿ. ನಮ್ಮಲ್ಲಿ ಹೀಗೇ ಎಂದು ಕಾಯುತ್ತ ಕೂರಬೇಡಿ.