ಮೊದಲು ಸುತ್ತು, ಆಮೇಲೆ ಸುಡು

ಆಕಾಶವಾಣಿ ಚಿತ್ರದುರ್ಗದ ಕೇಳುಗರಿಗೆ ನಮಸ್ಕಾರ.

ನಮ್ಮ ಚಳ್ಳಕೆರೆ ಕಡೆ ಬೇಸಿಗೆ ಬಂತೆಂದರೆ ಸುಟ್ಟ ಬೋರ್‌ವೆಲ್ ಮೋಟಾರುಗಳು ರಿವೈಂಡಿಂಗ್ ಅಂಗಡಿ ಮುಂದೆ ಸಾಲು ನಿಲ್ಲುತ್ತವೆ. ನಾನು ಬಹಳ ವರ್ಷ ಅದೇ ಕೆಲಸ ಮಾಡಿದವನು. ಮೋಟಾರು ಬಿಚ್ಚಿದ ಕೂಡಲೇ ಕರಗಿದ ಪ್ಲಾಸ್ಟಿಕ್ ವಾಸನೆ ಮೂಗಿಗೆ ಹೊಡೆಯುತ್ತದೆ. ಒಳಗೆ ತಾಮ್ರದ ತಂತಿ ಕರ್ರಗಾಗಿರುತ್ತದೆ. ಪಕ್ಕದಲ್ಲಿ ರೈತ ಮಾತಾಡದೆ ಕೂತಿರುತ್ತಾನೆ.

ತಾಮ್ರ ಒಳ್ಳೆಯ ತಂತಿಯೇ. ಆದರೂ ಕರೆಂಟಿಗೆ ಒಂದಿಷ್ಟು ಅಡ್ಡಿ ಮಾಡುತ್ತದೆ. ಅದರಿಂದಲೇ ಬಿಸಿ. ಅಡ್ಡಿಯೇ ಇಲ್ಲದ ತಂತಿ ಇದ್ದಿದ್ದರೆ?

1911ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ಯಾಮರ್ಲಿಂಗ್ ಓನ್ನೆಸ್ ಪಾದರಸವನ್ನು ಮೈನಸ್ 269 ಡಿಗ್ರಿಗೆ ಇಳಿಸಿದರು. ಅಡ್ಡಿ ಇದ್ದಕ್ಕಿದ್ದಂತೆ ಮಾಯವಾಯಿತು. ಇದೇ ಅತಿವಾಹಕತೆ. ಸೀಸದ ತಂತಿ ಸುತ್ತಿ ದೊಡ್ಡ ಅಯಸ್ಕಾಂತ ಮಾಡಲು ಅವರು ಹೊರಟರು. ಆಗಲಿಲ್ಲ. ಅಯಸ್ಕಾಂತದ ಬಲ ಸ್ವಲ್ಪ ಏರುತ್ತಿದ್ದಂತೆ ಆ ಗುಣವೇ ಹೊರಟುಹೋಗುತ್ತಿತ್ತು. ಮುಂದೆ ಸುಮಾರು ಐವತ್ತು ವರ್ಷ ಆಸೆ ಆಸೆಯಾಗಿಯೇ ಉಳಿಯಿತು.

ದಾರಿ ತೆರೆದದ್ದು ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ, ಜಾನ್ ಕುಂಜ್ಲರ್ ಮತ್ತು ಅವರ ಜೊತೆಗಾರರಿಂದ. ಅವರು ಹಿಡಿದದ್ದು ನಿಯೋಬಿಯಂ ಎಂಬ ಲೋಹ ಮತ್ತು ತವರ ಸೇರಿದ ವಸ್ತುವನ್ನು. ಬಲವಾದ ಅಯಸ್ಕಾಂತದ ನಡುವೆಯೂ ಅದು ಅತಿವಾಹಕತೆ ಬಿಡುವುದಿಲ್ಲ, ಆದರೆ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಮುರಿಯುವುದನ್ನು ಸುತ್ತುವುದು ಹೇಗೆ?

ನನಗೆ ಇಲ್ಲಿ ನಮ್ಮಮ್ಮ ನೆನಪಾಗುತ್ತಾರೆ. ಚಕ್ಕುಲಿ ಒರಳಿಗೆ ಹಿಟ್ಟು ತುಂಬಿ ಒತ್ತುತ್ತಿದ್ದರು. ಹಿಟ್ಟು ಮೆತ್ತಗಿರುವಾಗಲೇ ಸುರುಳಿ ಸುತ್ತಿ ಎಣ್ಣೆಗೆ ಬಿಡುತ್ತಿದ್ದರು. ಕರಿದ ಚಕ್ಕುಲಿಯನ್ನು ಬಿಡಿಸಿ ನೇರ ಮಾಡಲು ಹೋಗಿ ನಾನು ಪುಡಿ ಮಾಡಿ ಬೈಸಿಕೊಂಡಿದ್ದೆ. ಕುಂಜ್ಲರ್ ತಂಡದ್ದೂ ಇದೇ ಕ್ರಮ. ನಿಯೋಬಿಯಂ ಕೊಳವೆಯಲ್ಲಿ ನಿಯೋಬಿಯಂ, ತವರದ ಪುಡಿ ತುಂಬಿದರು. ಎಳೆದೆಳೆದು ಸಣ್ಣ ತಂತಿ ಮಾಡಿದರು. ಪುಡಿ ಇನ್ನೂ ಪುಡಿಯೇ, ತಂತಿ ಬಗ್ಗುತ್ತದೆ. ಬೇಕಾದ ಆಕಾರಕ್ಕೆ ತಂದು, ಆಮೇಲೆ ಸುಮಾರು 1,000 ಡಿಗ್ರಿಯಲ್ಲಿ ಸುಟ್ಟರು. ಒಳಗಿನ ಎರಡು ಪುಡಿ ಒಂದಾದವು.

1961ರಲ್ಲಿ ಲೆಕ್ಕ ಹೊರಬಂತು. 8.8 ಟೆಸ್ಲಾ ಅಯಸ್ಕಾಂತ ಬಲದ ನಡುವೆಯೂ ಒಂದು ಚದರ ಸೆಂಟಿಮೀಟರಿಗೆ ಒಂದು ಲಕ್ಷ ಆಂಪಿಯರ್‌ಗೂ ಜಾಸ್ತಿ ಕರೆಂಟು! ಅಂದರೆ ಚದರ ಮಿಲಿಮೀಟರಿಗೆ 1,000. ಸಾಮಾನ್ಯ ಮೋಟಾರಿನ ತಾಮ್ರಕ್ಕೆ ನಾವು 5-6 ಆಂಪಿಯರ್ ಲೆಕ್ಕ ಹಿಡಿಯುತ್ತೇವೆ. ಮೊದಲ ಸಲ ಈ ಸಂಖ್ಯೆ ಓದಿದಾಗ ನಾನು ಎರಡು ಸಲ ಲೆಕ್ಕ ಹಾಕಿ ನೋಡಿದೆ.

ಬೇಗನೆ ನಿಯೋಬಿಯಂ-ಟೈಟೇನಿಯಂ ತಂತಿಯೂ ಬಂತು. ಅದು ಸುಲಭವಾಗಿ ಬಗ್ಗುತ್ತದೆ. ದಾವಣಗೆರೆಯಲ್ಲಿ ಎಂಆರ್‌ಐ ಮಾಡಿಸಿದವರು ಇದ್ದೀರಲ್ವಾ? ಅಂಥ ಯಂತ್ರಗಳ ದೊಡ್ಡ ಅಯಸ್ಕಾಂತದಲ್ಲಿ ಸಾಮಾನ್ಯವಾಗಿ ಇರುವುದು ಅದೇ ತಂತಿ, ದ್ರವ ಹೀಲಿಯಂನಲ್ಲಿ ತಂಪಾಗಿ. ಒಮ್ಮೆ ತುಂಬಿದ ಕರೆಂಟು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ.

1987ರಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲೇ ಕೆಲಸ ಮಾಡುವ ಹೊಸ ಅತಿವಾಹಕ ವಸ್ತು ಬಂತು. ಬೆಂಗಳೂರಲ್ಲಿ ವಿಜ್ಞಾನಿ ಸಿ.ಎನ್.ಆರ್. ರಾವ್ ಕೂಡ ಇದರ ಮೇಲೆ ಕೆಲಸ ಮಾಡಿದರು. ಅದೂ ಪಿಂಗಾಣಿಯಂತೆ ಒಡೆಯುವ ಜಾತಿಯೇ. ಹಾಗಾಗಿ ಈಗ ಲೋಹದ ಪಟ್ಟಿಯ ಮೇಲೆ ತೆಳ್ಳಗೆ ಹಚ್ಚುತ್ತಾರೆ.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಎಂಬ, ಸೂರ್ಯನೊಳಗಿನಂತೆ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನ ಯಂತ್ರದಲ್ಲಿ ಭಾರತವೂ ಪಾಲುದಾರ. ಅದರ ನಿಯೋಬಿಯಂ-ತವರದ ಸುರುಳಿಗಳನ್ನೂ ಮೊದಲು ಸುತ್ತಿ, ಆಮೇಲೆ ಸುಮಾರು 650 ಡಿಗ್ರಿ ಒಲೆಯಲ್ಲಿ ವಾರಗಟ್ಟಲೆ ಇಡುತ್ತಾರೆ. ಒಲೆಯಿಂದ ತೆಗೆದ ಮೇಲೆ ಬಲು ಜೋಪಾನ. ನಮ್ಮಮ್ಮ ಕರಿದ ಚಕ್ಕುಲಿಗಳನ್ನು ಒಂದೊಂದಾಗಿ ಡಬ್ಬಕ್ಕೆ ಜೋಡಿಸುತ್ತಿದ್ದರಲ್ಲ, ಹಾಗೆ.

ನಮಸ್ಕಾರ.