ಹಿರಿಯರ ಕೈಗೆ ಒಗ್ಗುವ ಯಂತ್ರ

ಕೇಳುಗರಿಗೆ ನಮಸ್ಕಾರ.

ವಯಸ್ಸಾದವರಿಗೆಂದು ಫೋನನ್ನೋ ಔಷಧಿ ನೆನಪಿಸುವ ಆ್ಯಪನ್ನೋ ತಯಾರಿಸುವವರು ಸಾಮಾನ್ಯವಾಗಿ ಪ್ರಶ್ನಾವಳಿಯಿಂದ ಶುರುಮಾಡುತ್ತಾರೆ. ‘ಬಳಸೋದು ಕಷ್ಟವೇ?’ ಎಂದು ಕೇಳಿದರೆ ಎಷ್ಟೋ ಹಿರಿಯರು ‘ಯಂತ್ರ ಚೆನ್ನಾಗೇ ಇದೆ, ನನಗೇ ತಿಳಿಯೋಲ್ಲ’ ಎಂದುಬಿಡುತ್ತಾರೆ. ಯಂತ್ರದ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವ ಈ ಉತ್ತರದಿಂದ ವಿನ್ಯಾಸಕಾರರಿಗೆ ಏನೂ ಸಿಗದು. ಅವರಿರುವಲ್ಲಿಗೇ ಹೋಗಿ, ಅವರು ಮಾಡುವುದನ್ನು ನೋಡಿ ಬರೆದುಕೊಳ್ಳುವ ಎಥ್ನೋಗ್ರಫಿ ಬೇಕಾಗುವುದು ಇಲ್ಲೇ.

ಒಂದು ಭೇಟಿಗೆ ಒಂದೂವರೆ ಗಂಟೆ ಸಾಕು. ಅದಕ್ಕಿಂತ ಹೆಚ್ಚಾದರೆ ಅವರಿಗೆ ದಣಿವು. ಇಬ್ಬರು ಹೋಗಿ, ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆಯಲಿ. ‘ಹೇಗೆ ಮಾಡ್ತೀರಿ, ಹೇಳಿ’ ಎನ್ನಬೇಡಿ. ‘ನಿನ್ನೆ ಮಾಡಿದ ಹಾಗೇ ಮಾಡಿ ತೋರಿಸಿ’ ಎನ್ನಿ. ಫೋನನ್ನು ಅವರ ಕೈಯಿಂದ ತೆಗೆದುಕೊಳ್ಳಲೇಬೇಡಿ. ಅವರು ತಡವರಿಸಿದಾಗ ಸಹಾಯಕ್ಕೆ ಕೈ ಚಾಚುವ ಆಸೆ ಎಲ್ಲರಿಗೂ ಆಗುತ್ತದೆ. ಸ್ವಲ್ಪ ತಡೆಯಿರಿ, ಅವರು ಹುಡುಕಿಕೊಳ್ಳುವ ದಾರಿಯೇ ನಿಮಗೆ ಬೇಕಾದದ್ದು. ಆದರೆ ಮುಖದಲ್ಲಿ ಮುಜುಗರ ಕಂಡರೆ ಅಲ್ಲಿಗೇ ನಿಲ್ಲಿಸಿ. ಒಪ್ಪಿಗೆ ಪತ್ರಕ್ಕೆ ಒಮ್ಮೆ ಸಹಿಯಾದರೆ ಮುಗಿಯಿತು ಎಂದುಕೊಳ್ಳದೆ, ಪ್ರತಿ ಫೋಟೋಗೂ ಮೊದಲು ಮತ್ತೆ ಕೇಳಿ. ಮಕ್ಕಳು ಪಕ್ಕದಲ್ಲಿದ್ದರೆ ಅಪ್ಪ ಅಮ್ಮನ ಪರವಾಗಿ ಅವರೇ ಉತ್ತರಿಸಿಬಿಡುತ್ತಾರೆ, ಆದ್ದರಿಂದ ಮಕ್ಕಳೊಡನೆ ಬೇರೆಯಾಗಿ ಮಾತಾಡಿ.

ಗೋಡೆ, ಮೇಜು, ರಿಮೋಟನ್ನೂ ನೋಡಿ. ಬೇಡದ ಗುಂಡಿಗಳ ಮೇಲೆ ಟೇಪು, ಫೋನಿನ ಹಿಂದೆ ಅಂಟಿಸಿದ ನಂಬರು, ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟ ಚೀಟಿ, ಇವೆಲ್ಲ ವಿನ್ಯಾಸಕಾರರು ಬಿಟ್ಟುಹೋದದ್ದನ್ನು ಹಿರಿಯರು ತಾವೇ ಸರಿಪಡಿಸಿಕೊಂಡ ಗುರುತುಗಳು. ಚೀಟಿಯಲ್ಲಿ ಯಾವ ಹೆಜ್ಜೆಯ ಕೆಳಗೆ ಎರಡು ಗೆರೆ ಎಳೆದಿದ್ದಾರೋ ಆ ಪರದೆಯಲ್ಲೇ ಅವರು ಸಿಕ್ಕಿಹಾಕಿಕೊಳ್ಳುವುದು.

ಬೆರಳನ್ನು ಹತ್ತಿರದಿಂದ ಗಮನಿಸಿ. ಚರ್ಮ ಒಣಗಿದ್ದರೆ ಟಚ್ ಪರದೆಗೆ ಸ್ಪರ್ಶ ಸರಿಯಾಗಿ ತಿಳಿಯದು. ಮೊದಲ ಒತ್ತಿಗೆ ಏನೂ ಆಗಲಿಲ್ಲವೆಂದು ಎರಡನೆಯ ಸಲ ಬಲವಾಗಿ, ನಿಧಾನವಾಗಿ ಒತ್ತುತ್ತಾರೆ. ಸುಮಾರು ಅರ್ಧ ಸೆಕೆಂಡು ಬೆರಳು ನಿಂತರೆ ಸಾಕು, ಫೋನು ಅದನ್ನು ಲಾಂಗ್ ಪ್ರೆಸ್, ಅಂದರೆ ಬೇರೆಯೇ ಕೆಲಸದ ಆದೇಶ, ಎಂದುಕೊಳ್ಳುತ್ತದೆ. ತೆರೆಯಬೇಕಿದ್ದ ಐಕಾನ್ ಜಾಗ ಬದಲಿಸುತ್ತದೆ, ಕೆಲವೊಮ್ಮೆ ಅಳಿಸಿಯೇ ಹೋಗುತ್ತದೆ. ‘ಫೋನು ತಾನಾಗಿಯೇ ಏನೇನೋ ಮಾಡುತ್ತೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಲಾಂಗ್ ಪ್ರೆಸ್ ಅವಧಿಯನ್ನು ಹೆಚ್ಚಿಸಿ, ಒತ್ತಿದ ಕ್ಷಣವೇ ಗುಂಡಿಯ ಬಣ್ಣ ಬದಲಾಗುವಂತೆ ಮಾಡಿದರೆ ದೂರು ಕಡಿಮೆಯಾಗುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಸಾಲದು, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್, ಅಂದರೆ ಹೊಳಪಿನ ಅನುಪಾತ, ಇರಲಿ. ವಯಸ್ಸಿನೊಡನೆ ಮೊದಲು ಕುಗ್ಗುವುದು ಕೀಚಲು ಸ್ವರ ಕೇಳುವ ಶಕ್ತಿ, ಹಾಗಾಗಿ ಬೀಪ್ ಸದ್ದು ತಗ್ಗಿನ ಸ್ವರದಲ್ಲಿರಲಿ.

ಭೇಟಿಯಲ್ಲಿ ಕಾಣದ್ದೂ ಇರುತ್ತದೆ. 1999ರಲ್ಲಿ ವಿನ್ಯಾಸ ಸಂಶೋಧಕ ಬಿಲ್ ಗೇವರ್ ಮತ್ತು ಸಂಗಡಿಗರು ಬರೆದ ‘ಕಲ್ಚರಲ್ ಪ್ರೋಬ್’ ವಿಧಾನ ಅದಕ್ಕೆಂದೇ ಒದಗುತ್ತದೆ. ಓಸ್ಲೊ, ಆಮ್‌ಸ್ಟರ್‌ಡಾಮ್ ಮತ್ತು ಇಟಲಿಯ ಪೆಚೊಲಿಯ ಹಿರಿಯರಿಗೆ ಅವರು ಪೋಸ್ಟ್‌ಕಾರ್ಡು, ನಕ್ಷೆ, ಬಳಸಿ ಬಿಸಾಡುವ ಕ್ಯಾಮೆರಾ ಕೊಟ್ಟರು. ಹಿರಿಯರು ಬಿಡುವಾದಾಗ ತುಂಬಿ ಕಳಿಸಿದರು. ಹೊಳಹು ಕೊಡುವುದಕ್ಕೆ ಇದು ತುಂಬ ಒಳ್ಳೆಯದು. ಎದುರು ಕೂತು ನೋಡುವುದಕ್ಕೆ ಮಾತ್ರ ಬದಲಿಯಲ್ಲ.

ಟಿಪ್ಪಣಿಯ ಹಾಳೆಯಲ್ಲಿ ಎರಡು ಅಂಕಣ ಮಾಡಿ: ಒಂದರಲ್ಲಿ ಕಂಡದ್ದು, ಇನ್ನೊಂದರಲ್ಲಿ ನಿಮ್ಮ ಊಹೆ. ‘ಅಲಾರಂ ನಿಲ್ಲಿಸಿದರು, ಮಾತ್ರೆ ತೆಗೆಯಲಿಲ್ಲ’ ಎನ್ನುವುದು ಕಂಡದ್ದು, ‘ಮರೆತರು’ ಎನ್ನುವುದು ಊಹೆ. ಕೇಳಿ ನೋಡಿದರೆ ಮಾತ್ರೆಯನ್ನು ಊಟದ ನಂತರವೇ ನುಂಗಬೇಕು, ಅಲಾರಂ ಮಾತ್ರ ಗಡಿಯಾರದ ಹೊತ್ತಿಗೆ ಹೊಡೆಯುತ್ತಿದೆ. ಅಂದರೆ ಬೇಕಿರುವುದು ಇನ್ನೂ ಜೋರಾದ ಅಲಾರಂ ಅಲ್ಲ, ‘ಊಟ ಆಯಿತು’ ಎಂಬ ಗುಂಡಿ. ಟಿಪ್ಪಣಿಯನ್ನು ಅದೇ ದಿನ ವಿಸ್ತರಿಸಿ ಬರೆಯಿರಿ.

ಮಾದರಿ ತಯಾರಾದ ಮೇಲೆ ನಾಲ್ಕು ವಾರ ಅದನ್ನು ಅವರ ಮನೆಯಲ್ಲೇ ಬಿಡಿ. ಮೊದಲ ವಾರದ ಬಳಕೆ ಹೊಸದರ ಉತ್ಸಾಹ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೊನೆಯಲ್ಲಿ ಹೋದಾಗ ಯಂತ್ರದಲ್ಲಿ ಚಾರ್ಜ್ ಇದೆಯೇ, ಪಾಸ್‌ವರ್ಡ್ ಯಾರ ಹತ್ತಿರ ಇದೆ, ಹೊಸ ಚೀಟಿ ಅಂಟಿದೆಯೇ ನೋಡಿ. ಅಂಟಿದ್ದರೆ ಅದರಲ್ಲಿ ಬರೆದ ಹೆಜ್ಜೆಯನ್ನು ಮುಂದಿನ ಮಾದರಿಯಲ್ಲಿ ಮೊದಲು ತಿದ್ದಿ.

ನಮಸ್ಕಾರ.