ಕಿವಿಗೆ ಬಿದ್ದ ಚಿತ್ರಗಳು

ಕೇಳುಗರಿಗೆ ನಮಸ್ಕಾರ.

ಸಿನಿಮಾದ ಬಗ್ಗೆ ಬಾನುಲಿಯಲ್ಲಿ ಮಾತನಾಡಲು ಬಂದವನ ಬಳಿ ತೋರಿಸುವುದಕ್ಕೆ ಏನೂ ಇರುವುದಿಲ್ಲ. ಅವನು ಕೇಳಿದ್ದನ್ನು ಮಾತ್ರ ಹೇಳಬಹುದು. ನನಗೆ ಇದೊಂದು ಕೊರತೆಯೆಂದು ಅನ್ನಿಸುವುದಿಲ್ಲ, ಏಕೆಂದರೆ ಕೆಲವು ವರ್ಷಗಳಿಂದ ನಾನು ಚಿತ್ರಗಳನ್ನು ತೂಗುತ್ತಿರುವುದು ಹೆಚ್ಚಾಗಿ ಕಿವಿಯಿಂದಲೇ. ಈ ಅಭ್ಯಾಸ ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ, ರಿಷಬ್ ಶೆಟ್ಟಿಯವರ ‘ಕಾಂತಾರ’ವನ್ನು ಎರಡು ವಾರಗಳ ಒಳಗೆ ಎರಡು ಸಲ ನೋಡಿದಾಗ.

ಮೊದಲ ಸಲ ನೋಡಿದ್ದು ಕನ್ನಡದಲ್ಲಿ, ಮುಂಬಯಿ ಪಕ್ಕದ ಠಾಣೆ ನಗರದ ಒಂದು ಮಲ್ಟಿಪ್ಲೆಕ್ಸ್‌ನ ರಾತ್ರಿ ಹತ್ತೂವರೆಯ ಆಟ. ಬಂದವರಲ್ಲಿ ಹೆಚ್ಚಿನವರು ಹೋಟೆಲಿನ ಕೆಲಸ ಮುಗಿಸಿಕೊಂಡು ನೇರವಾಗಿ ಬಂದಿದ್ದ ಉಡುಪಿ, ಕುಂದಾಪುರ ಕಡೆಯ ಹುಡುಗರು; ನನ್ನ ಪಕ್ಕದವನ ಅಂಗಿಯಿಂದ ಇನ್ನೂ ಸಾಂಬಾರಿನ ವಾಸನೆ ಬರುತ್ತಿತ್ತು. ತೆರೆಯ ಮೇಲೆ ಊರಿನವರು ಒಬ್ಬರನ್ನೊಬ್ಬರು ಕಿಚಾಯಿಸುವಾಗ ಈ ಹುಡುಗರು ನಕ್ಕದ್ದು ಮಾತಿನ ಅರ್ಥಕ್ಕಿಂತ ಮಾತಿನ ರಾಗಕ್ಕೆ. ಮನೆಯಿಂದ ಫೋನು ಬಂದಾಗ ಮಾತ್ರ ಕೇಳುವ ಆ ಎಳೆತ, ಆ ‘ಮಾರಾಯ’, ಇಷ್ಟು ದೊಡ್ಡ ಸ್ಪೀಕರುಗಳಿಂದ ಬರುವುದನ್ನು ಅವರು ಅದುವರೆಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಅಕ್ಟೋಬರ್ 14ರಂದು ಹಿಂದಿಯ ಪ್ರತಿ ಬಿಡುಗಡೆಯಾದ ಮೇಲೆ ನಮ್ಮ ಮಹಡಿಯ ಮರಾಠಿ ನೆರೆಯವರ ಒತ್ತಾಯಕ್ಕೆ ಅದೇ ಮಲ್ಟಿಪ್ಲೆಕ್ಸ್‌ಗೆ ಮತ್ತೆ ಹೋದೆ. ಈ ಸಲ ಸಂಜೆ ಏಳರ ಆಟ, ಒಂದು ಸೀಟೂ ಖಾಲಿಯಿಲ್ಲ. ಅವೇ ಕಾಡು, ಅವೇ ಕೋಣಗಳು, ಅದೇ ದೀವಟಿಗೆಯ ಬೆಳಕು. ಆದರೆ ಊರಿನವರೆಲ್ಲ ಇದ್ದಕ್ಕಿದ್ದಂತೆ ಟಿವಿ ಧಾರಾವಾಹಿಯ ಹಿಂದಿಯಲ್ಲಿ ಮಾತನಾಡತೊಡಗಿದ್ದರು. ಬದಲಾಗದೆ ಉಳಿದದ್ದು ದೈವದ ಕೂಗು ಒಂದೇ. ಆ ಕೂಗಿಗೆ ಎರಡೂ ದಿನ ಸಭಾಂಗಣ ಒಂದೇ ರೀತಿ ಬೆಚ್ಚಿಬಿದ್ದಿತು. ನನ್ನ ನೆರೆಯವರು ಹೊರಬರುತ್ತ ಬಹಳ ಮೆಚ್ಚಿ ಮಾತನಾಡಿದರು. ಅವರು ನೋಡಿದ್ದು ಒಳ್ಳೆಯ ಚಿತ್ರವೇ, ಆದರೆ ನಾನು ಹಿಂದಿನ ವಾರ ನೋಡಿದ್ದ ಚಿತ್ರವಲ್ಲ.

ಮುಖ್ಯವಾಹಿನಿ, ಸ್ವತಂತ್ರ ಎಂದು ನಾವು ಚಿತ್ರಗಳನ್ನು ಎರಡು ಗುಂಪು ಮಾಡುವಾಗ ಬಂಡವಾಳವನ್ನೋ ತಾರೆಯರನ್ನೋ ಲೆಕ್ಕ ಹಿಡಿಯುತ್ತೇವೆ. ನನಗೆ ಕಾಣುವ ಗೆರೆ ಬೇರೆಡೆ ಇದೆ. ಒಂದು ಚಿತ್ರದ ಮಾತು ಯಾವ ಊರಿನ ಕಿವಿಯನ್ನು ನೆನೆದು ಬರೆದದ್ದು, ಅಥವಾ ಯಾವ ಊರಿನ ಕಿವಿಯನ್ನೂ ನೆನೆಯದೆ ಬರೆದದ್ದೇ ಎಂಬುದು ಆ ಗೆರೆ.

ಡಬ್ಬಿಂಗ್ ನಡೆಯುವ ಬಗೆಯನ್ನು ಸ್ವಲ್ಪ ಹೇಳಿದರೆ ಇದು ಸ್ಪಷ್ಟವಾದೀತು. ಚಿತ್ರದ ಶಬ್ದವನ್ನು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಇಟ್ಟಿರುತ್ತಾರೆ: ಮಾತಿನದೊಂದು, ಸಂಗೀತದ್ದೊಂದು, ಹೆಜ್ಜೆ, ಬಾಗಿಲು, ಮಳೆ ಮುಂತಾದವುಗಳದ್ದೊಂದು. ಬೇರೆ ಭಾಷೆಗೆ ಕೊಡುವಾಗ ಮಾತಿನ ಟ್ರ್ಯಾಕನ್ನು ತೆಗೆದು ಹೊಸದನ್ನು ಕೂರಿಸುತ್ತಾರೆ. ಹೊಸ ಮಾತು ಬರೆಯುವವನು ನಟನ ತುಟಿಯನ್ನು ನೋಡಿಕೊಂಡು ಬರೆಯಬೇಕು. ಪಕಾರ, ಬಕಾರ, ಮಕಾರಗಳಲ್ಲಿ ತುಟಿ ಕೂಡುವುದರಿಂದ ಅಂಥ ಜಾಗದಲ್ಲಿ ಅಂಥದೇ ಅಕ್ಷರ ಹುಡುಕಬೇಕು. ಇದು ಕಷ್ಟದ ಕೆಲಸ, ಮಾಡುವವರ ಬಗ್ಗೆ ನನಗೆ ಗೌರವವಿದೆ. ತೊಡಕು ಬೇರೆಯದು. ಚಿತ್ರೀಕರಣದ ಸ್ಥಳದಲ್ಲೇ ಮಾತನ್ನು ಹಿಡಿದಿದ್ದರೆ, ಅಂದರೆ ಸಿಂಕ್ ಸೌಂಡ್ ಆಗಿದ್ದರೆ, ಆ ಟ್ರ್ಯಾಕಿನಲ್ಲಿ ನಟನ ದನಿಯ ಜೊತೆಗೆ ಅಂಗಳದ ಕೋಳಿ, ಪಕ್ಕದ ಮನೆಯ ಕೆಮ್ಮು, ಬಳೆಯ ಸದ್ದು ಎಲ್ಲವೂ ಸೇರಿಕೊಂಡಿರುತ್ತವೆ. ಮಾತನ್ನು ಕಿತ್ತರೆ ಅವೂ ಕಿತ್ತುಹೋಗುತ್ತವೆ. ಅವನ್ನೆಲ್ಲ ಸ್ಟುಡಿಯೋದಲ್ಲಿ ಮತ್ತೆ ಹುಟ್ಟಿಸಬೇಕು. ಆದ್ದರಿಂದ ಐದು ಭಾಷೆಗಳಲ್ಲಿ ಒಂದೇ ದಿನ ಬಿಡುಗಡೆ ಮಾಡಬೇಕೆಂದು ಮೊದಲೇ ತೀರ್ಮಾನಿಸಿದವರಿಗೆ ಎಲ್ಲವನ್ನೂ ಸ್ಟುಡಿಯೋದಲ್ಲಿಯೇ ಕಟ್ಟುವುದು ಸಲೀಸು. ಹಾಗೆ ಕಟ್ಟಿದ್ದರ ಮೇಲೆ ದಟ್ಟವಾಗಿ ಹಿನ್ನೆಲೆ ಸಂಗೀತವನ್ನು ಸುರಿದರೆ ತೇಪೆ ಕಾಣಿಸುವುದಿಲ್ಲ.

2022ರ ಏಪ್ರಿಲ್ 14ರಂದು ಐದು ಭಾಷೆಗಳಲ್ಲಿ ಬಂದ ‘ಕೆಜಿಎಫ್ ಚಾಪ್ಟರ್ 2’ ಈ ವಿಧಾನದ ಅತ್ಯಂತ ನುರಿತ ಮಾದರಿ. ಅದರ ಸಂಕಲನದ ಲಯಕ್ಕೆ, ಬೆಳಕಿಗಿಂತ ಮಸಿಯನ್ನೇ ಹೆಚ್ಚು ಬಳಸುವ ನಿರ್ದೇಶಕ ಪ್ರಶಾಂತ್ ನೀಲ್ ಅವರ ಧೈರ್ಯಕ್ಕೆ ನಾನು ಮರುಳಾಗಿದ್ದೇನೆ. ಆದರೆ ಕಣ್ಣು ಮುಚ್ಚಿ ಕೇಳಿ ನೋಡಿ. ಅಲ್ಲಿ ಯಾರೂ ಸಂಭಾಷಿಸುವುದಿಲ್ಲ, ಎಲ್ಲರೂ ಘೋಷಿಸುತ್ತಾರೆ. ಉಪ್ಪು ಕಡಿಮೆಯಾಯಿತು, ಬಸ್ಸು ತಪ್ಪಿತು ಎನ್ನುವಂಥ ಒಂದು ಮಾತೂ ಇಲ್ಲ. ನಿಜವಾದ ಕೋಲಾರದ ಗಣಿಯಲ್ಲಿ, 2001ರ ಫೆಬ್ರವರಿಯಲ್ಲಿ ಅದು ಮುಚ್ಚುವವರೆಗೆ, ತಲೆಮಾರುಗಳಿಂದ ದುಡಿದವರಲ್ಲಿ ಬಹಳ ಮಂದಿ ತಮಿಳು ಮಾತನಾಡುವವರು; ಸುತ್ತಲಿನ ಹಳ್ಳಿಗಳಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷು, ಸಂತೆಯಲ್ಲಿ ಇವೆಲ್ಲ ಬೆರೆತ ಕನ್ನಡ. ಇಂಥ ಭಾಷೆಗಳ ಗಣಿಯ ಮೇಲೆ ನಿಂತ ಕಥೆಯೊಳಗೆ ಅದರ ಒಂದು ಚೂರೂ ಕೇಳಿಬರುವುದಿಲ್ಲ. ಚಿತ್ರದ ನರಾಚಿ ಕಲ್ಪಿತ ಊರು, ನಿರ್ದೇಶಕರಿಗೆ ಆ ಸ್ವಾತಂತ್ರ್ಯವಿದೆ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಕಲ್ಪಿತ ಊರಿಗೂ ಒಂದು ನುಡಿ ಬೇಡವೇ?

ಇದರಲ್ಲಿ ಒಂದು ವಿನೋದವೂ ಇದೆ. ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಬಾರದೆಂದು ಸಾಹಿತಿ ಅ.ನ.ಕೃ. ಅವರ ಕಾಲದಿಂದ, 1960ರ ದಶಕದಿಂದ, ನಾವು ಪಟ್ಟು ಹಿಡಿದು ಬಂದೆವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಸಲ್ಲದೆಂದು ಆದೇಶ ಕೊಟ್ಟಾಗ ಕನ್ನಡ ಮುಳುಗಿಹೋಗುತ್ತದೆಂಬ ಆತಂಕ ಕನ್ನಡ ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದ ತುಂಬ ಕೇಳಿಸಿತು. ಏಳು ವರ್ಷ ಕಳೆಯುವಷ್ಟರಲ್ಲಿ ಡಬ್ಬಿಂಗ್ ಎಂಬ ಅದೇ ಬಾಗಿಲಿನಿಂದ ಕನ್ನಡ ಚಿತ್ರಗಳು ದೇಶವನ್ನೆಲ್ಲ ಸುತ್ತಿ ಬಂದವು. ಮುಂಬಯಿಯ ನಮಗೆ ಇದರಿಂದ ಆದದ್ದು ವಿಚಿತ್ರ: ಕನ್ನಡ ಚಿತ್ರಗಳ ಪೋಸ್ಟರುಗಳು ದಾದರಿನಿಂದ ವಸಾಯಿಯವರೆಗೆ ಕಾಣತೊಡಗಿದವು, ಆದರೆ ಅವುಗಳ ಕನ್ನಡವನ್ನು ಕೇಳಬೇಕಾದರೆ ಬೆಳಗಿನ ಒಂಬತ್ತಕ್ಕೋ ರಾತ್ರಿ ಹನ್ನೊಂದಕ್ಕೋ ಹೋಗಬೇಕು. ಕಳೆದ ವರ್ಷ ಒಂದು ಭಾನುವಾರ ಬೆಳಗ್ಗೆ ಲೋಕಲ್ ಹಿಡಿದು ಉಪನಗರದ ಒಂದು ಚಿತ್ರಮಂದಿರಕ್ಕೆ ಹೋದರೆ, ಟಿಕೆಟು ಕೊಂಡವರು ಮೂರೇ ಜನ, ಆಟ ನಡೆಸುವುದಿಲ್ಲ, ಹಣ ಖಾತೆಗೆ ವಾಪಸಾಗುತ್ತದೆ ಎಂದರು. ಉಳಿದ ಇಬ್ಬರು ವಯಸ್ಸಾದ ದಂಪತಿ, ಪನ್ವೇಲಿನಿಂದ ಬಂದಿದ್ದವರು. ಆ ಅಜ್ಜಿ ತಾವು ತಂದಿದ್ದ ಕೋಡುಬಳೆಯ ಡಬ್ಬಿಯನ್ನು ಮೆಟ್ಟಿಲ ಮೇಲೆಯೇ ತೆರೆದರು. ಅಂದಿನ ನನ್ನ ವಿಮರ್ಶೆ ಆ ಕೋಡುಬಳೆಯದ್ದೇ.

ಗೆರೆಯ ಆಚೆ ಬದಿಗೆ ಬರುತ್ತೇನೆ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದರೂ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2024ರಲ್ಲಿ. ನಾನು ಬೆಂಗಳೂರಿಗೆ ಹೋಗಿದ್ದಾಗ ನೋಡಿದೆ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಒಬ್ಬ ಬಡ ಹೆಂಗಸು, ಸರಕಾರಿ ಶಾಲೆಯ ಬಿಸಿಯೂಟದ ಅಡುಗೆಯವಳು, ಮಗಳ ಮದುವೆಗೆಂದು ಇಟ್ಟ ದುಡ್ಡನ್ನು ನೆಟ್‌ವರ್ಕ್ ಮಾರ್ಕೆಟಿಂಗ್‌ನ ಶಕ್ತಿಯ ಪುಡಿಗೆ ಹಾಕುತ್ತಾಳೆ. ಆ ಪಾತ್ರವನ್ನು ಮಾಡಿದ ಶರಣಮ್ಮ ಚೆಟ್ಟಿಯವರು ವೃತ್ತಿಯ ನಟಿಯಲ್ಲ. ಈ ಚಿತ್ರದ ಜೀವ ಇರುವುದು ಶಿವಮ್ಮನಿಗೆ ಎರಡು ನಾಲಿಗೆಗಳಿರುವುದರಲ್ಲಿ. ಮನೆಯಲ್ಲಿ, ಓಣಿಯಲ್ಲಿ ಅವಳ ಮಾತು ಕೊಪ್ಪಳದ ಎರೆಮಣ್ಣಿನಂತೆ ಅಂಟಂಟಾಗಿ, ಜಗಳಕ್ಕೂ ಪ್ರೀತಿಗೂ ಒಂದೇ ರಭಸದಲ್ಲಿ ಬರುತ್ತದೆ. ಪುಡಿ ಮಾರಲು ನಿಂತಾಗ ಬಾಯಿಪಾಠದ ಮಾತು, ಯಾರೋ ಹೇಳಿಕೊಟ್ಟ ಧಾಟಿಯಲ್ಲಿ, ಉಸಿರು ತಪ್ಪಿದ ಹಾಡಿನಂತೆ ಬರುತ್ತದೆ. ಅವಳು ಮೋಸಹೋಗುತ್ತಿದ್ದಾಳೆಂದು ಯಾರೂ ವಿವರಿಸಬೇಕಿಲ್ಲ, ದನಿ ಬದಲಾಗುವುದರಲ್ಲೇ ಅದು ತಿಳಿಯುತ್ತದೆ. ಈ ಚಿತ್ರವನ್ನು ಹಿಂದಿಗೆ ಡಬ್ ಮಾಡಿದರೆ ಎರಡು ನಾಲಿಗೆ ಒಂದಾಗುತ್ತದೆ, ಕಥೆಯೇ ಉಳಿಯುವುದಿಲ್ಲ. ಇದೇ ಮುಂಬಯಿಯ ಕಟ್ಟಡಗಳ ಕೆಲಸಕ್ಕೆ, ರಸ್ತೆಯ ಕೆಲಸಕ್ಕೆ ಬಂದಿರುವ ಕೊಪ್ಪಳ, ರಾಯಚೂರು, ಕಲಬುರಗಿಯ ಸಾವಿರಾರು ಶಿವಮ್ಮಂದಿರಿಗೆ ಇದನ್ನು ತೋರಿಸುವ ಒಂದು ಏರ್ಪಾಟು ಆಗಲಿಲ್ಲವಲ್ಲ ಎಂಬುದು ನನ್ನ ಬೇಸರ.

ನಮಗೆ ಹತ್ತಿರದ ಪುಣೆಯಿಂದಲೂ ಒಂದು ಉದಾಹರಣೆ ಸಿಗುತ್ತದೆ. ಗಿರೀಶ ಕಾಸರವಳ್ಳಿಯವರು ಕಲಿತ ಅಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಿಂದ 2024ರಲ್ಲಿ ಹೊರಟ ಚಿದಾನಂದ ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಹದಿನಾರು ನಿಮಿಷಗಳ ಕನ್ನಡ ಕಿರುಚಿತ್ರ ಕಾನ್ ಉತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ವಿಭಾಗದ ಮೊದಲ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದದ್ದರಿಂದ ಬೆಳಗೇ ಆಗದೆ ಹೋದ ನಮ್ಮ ಜನಪದ ಕಥೆ ಅದು. ಕೂಗೊಂದು ಕೇಳದೆ ಹೋದರೆ ಲೋಕ ಕತ್ತಲಾಗುತ್ತದೆ ಎನ್ನುವ ಕಥೆಯನ್ನು ನಮ್ಮ ಅಜ್ಜಿಯರು ಎಂದೋ ಕಟ್ಟಿಟ್ಟಿದ್ದಾರೆ. ಶಬ್ದದ ಬಗ್ಗೆ ಇದಕ್ಕಿಂತ ಒಳ್ಳೆಯ ಚಿತ್ರಕಥೆ ಎಲ್ಲಿದೆ?

ಹಾಗೆಂದು ಸ್ವತಂತ್ರ ಚಿತ್ರಗಳೆಲ್ಲ ಕಿವಿ ತೆರೆದುಕೊಂಡಿವೆ ಎನ್ನಲಾರೆ. ಉತ್ಸವಗಳಿಗೆಂದೇ ತಯಾರಾಗುವ ಚಿತ್ರಗಳಲ್ಲಿ ಮೌನ ಒಂದು ಸಿದ್ಧ ಉಡುಪಾಗಿದೆ. ಪಾತ್ರ ಬಾಗಿಲಲ್ಲಿ ನಿಲ್ಲುತ್ತದೆ, ನೋಡುತ್ತದೆ, ಮತ್ತೂ ನೋಡುತ್ತದೆ. ಬರಹಗಾರನಿಗೆ ಆ ಜನರ ಮಾತು ಗೊತ್ತಿಲ್ಲದ್ದನ್ನು ಛಾಯಾಗ್ರಾಹಕ ಮುಚ್ಚಿಡುತ್ತಾನೆ. ಗೋವೆಯ ಚಿತ್ರೋತ್ಸವದಲ್ಲಿ ದಿನಕ್ಕೆ ನಾಲ್ಕು ಚಿತ್ರಗಳನ್ನು ನೋಡಿದವರಿಗೆ ಈ ಮೌನದ ಆಯಾಸ ಗೊತ್ತಿರುತ್ತದೆ. ಮೌನ ದಕ್ಕಬೇಕಾದರೆ ಅದರ ಸುತ್ತ ಬದುಕಿನ ಗದ್ದಲವಿರಬೇಕು. ರೋಹನ್ ಕಾನವಡೆಯವರ ಮರಾಠಿ ಚಿತ್ರ ‘ಸಾಬರ್ ಬೋಂಡ’ದಲ್ಲಿ ತಂದೆಯ ಹತ್ತು ದಿನಗಳ ಸೂತಕಕ್ಕೆ ಮುಂಬಯಿಯಿಂದ ಹಳ್ಳಿಗೆ ಬಂದ ಮಗ ಸುಮ್ಮನಿರುತ್ತಾನೆ, ಏಕೆಂದರೆ ಸುತ್ತಲಿನ ನೆಂಟರು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’, 2024ರಲ್ಲಿ ಕಾನ್‌ನ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಪಡೆದದ್ದು, ಶುರುವಾಗುವುದೇ ಈ ನಗರಕ್ಕೆ ಬಂದವರ ದನಿಗಳಿಂದ: ಮುಖವಿಲ್ಲ, ಬೇರೆ ಬೇರೆ ಭಾಷೆಗಳು ಮಾತ್ರ, ರಾತ್ರಿಯ ಬೀದಿಗಳ ಮೇಲೆ ತೇಲುತ್ತವೆ. ಆಸ್ಪತ್ರೆಯ ಮಲಯಾಳಿ ನರ್ಸುಗಳು ತಮ್ಮ ನಡುವೆ ಮಲಯಾಳದಲ್ಲಿ, ರತ್ನಾಗಿರಿಯ ಕಡೆಯ ಪಾರ್ವತಿಯ ಜೊತೆ ಹಿಂದಿಯಲ್ಲಿ ಮಾತನಾಡುವುದನ್ನು ಕೇಳುತ್ತ, ನೂರು ವರ್ಷಗಳಿಂದ ಈ ಊರಿಗೆ ಊಟ ಬಡಿಸಿದ ನಮ್ಮವರ ದನಿಗೆ ಇಂಥದೊಂದು ಚಿತ್ರ ಯಾಕೆ ಸಿಗಲಿಲ್ಲ ಎಂದು ಸಣ್ಣ ಅಸೂಯೆಯೂ ಆಯಿತು.

ಮುಖ್ಯವಾಹಿನಿಯೇ ಊರಿನ ಮಾತಿಗೆ ಮರಳಿದರೆ ಏನಾಗುತ್ತದೆಂದು 2025ರ ಜುಲೈಯಲ್ಲಿ ಬಂದ ‘ಸು ಫ್ರಮ್ ಸೋ’ ತೋರಿಸಿತು. ಜೆ.ಪಿ. ತುಮಿನಾಡ್ ಬರೆದು, ನಿರ್ದೇಶಿಸಿ, ನಟಿಸಿದ ಈ ಚಿತ್ರದಲ್ಲಿ ದೊಡ್ಡ ತಾರೆಯೆಂದು ಯಾರನ್ನೂ ಮುಂದಿಟ್ಟು ಮಾರಲಿಲ್ಲ; ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನೆ ಬಂದಳೆಂಬ ಗುಲ್ಲು, ಅದರ ಸುತ್ತ ಒಂದು ಊರಿನ ಹರಟೆ, ಅಷ್ಟೇ. ನಾನು ನೋಡಿದ ಆಟದಲ್ಲಿ ನಗು ಎರಡು ಅಲೆಗಳಾಗಿ ಬರುತ್ತಿತ್ತು. ಅಡಿಬರಹ ಓದುತ್ತಿದ್ದ ಮರಾಠಿ ಹುಡುಗರು ನಟ ಬಾಯಿ ಮುಚ್ಚುವ ಮೊದಲೇ ನಕ್ಕುಬಿಡುತ್ತಿದ್ದರು. ಕಿವಿಯಿಂದ ಕೇಳುತ್ತಿದ್ದ ನಾವು ಆ ಕೊನೆಯ ಎಳೆತದವರೆಗೆ ಕಾದು ಆಮೇಲೆ ನಗುತ್ತಿದ್ದೆವು. ಡಬ್ಬಿಂಗ್‌ಗಿಂತ ಅಡಿಬರಹ ಮೇಲು ಎಂದು ನಾನು ವಾದಿಸುವಾಗಲೆಲ್ಲ ಈ ಎರಡು ಅಲೆಗಳನ್ನೇ ನೆನೆಯುತ್ತೇನೆ: ಪರಭಾಷೆಯವರಿಗೆ ಅರ್ಥವೂ ಸಿಕ್ಕಿತು, ನಮ್ಮ ದನಿಯೂ ಉಳಿಯಿತು.

ಕೊನೆಯದಾಗಿ, ಸುಮಂತ್ ಭಟ್ ಅವರ ‘ಮಿಥ್ಯ’. 2023ರ ಮುಂಬಯಿ ಚಿತ್ರೋತ್ಸವದಲ್ಲಿ ಮೊದಲು ಕಂಡು, 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಚಿತ್ರದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬಯಿಯಿಂದ ಉಡುಪಿಯ ಕಡೆಯ ನೆಂಟರ ಮನೆಗೆ ಬರುತ್ತಾನೆ. ಎಲ್ಲ ಕಥೆಗಳೂ ಊರಿನಿಂದ ಮುಂಬಯಿಗೆ ಬರುವಾಗ ಇದು ಹಿಂದಕ್ಕೆ ಹೋಗುತ್ತದೆ. ಆತಿಷ್ ಶೆಟ್ಟಿ ಎಂಬ ಬಾಲಕ ಇಲ್ಲಿ ಅಳುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುತ್ತಾನೆ: ದೊಡ್ಡವರು ತಗ್ಗಿದ ದನಿಯಲ್ಲಿ ತನ್ನ ಬಗ್ಗೆಯೇ ಆಡುತ್ತಿರುವ ಮಾತು ಗೋಡೆಯಾಚೆಯಿಂದ ಬರುವಾಗ ಆ ಮುಖದಲ್ಲಿ ಆಗುವುದನ್ನು ಯಾವ ಸಂಗೀತವೂ ಹೇಳಬೇಕಾಗಿಲ್ಲ.

ಇದನ್ನು ನೋಡಲು ಡೊಂಬಿವಿಲಿಯ ನನ್ನ ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಹನ್ನೆರಡು, ಕನ್ನಡ ಅರ್ಥವಾಗುತ್ತದೆ, ಆಡುವುದಿಲ್ಲ. ಮರಳುವಾಗ ಲೋಕಲ್‌ನಲ್ಲಿ ಕಿಟಕಿಯ ಬಳಿ ಕುಳಿತವನು ಮುಂಬ್ರಾ ದಾಟುವವರೆಗೆ ಸುಮ್ಮನಿದ್ದ. ಆಮೇಲೆ ಮರಾಠಿಯಲ್ಲಿ, “ಮಾಮಾ, ಆ ಹುಡುಗ ಇನ್ನು ಮುಂಬಯಿಗೆ ಬರುವುದೇ ಇಲ್ಲವಾ?” ಎಂದು ಕೇಳಿದ. ಗೊತ್ತಿಲ್ಲ ಮರಿ ಎಂದು ನಾನು ಕನ್ನಡದಲ್ಲಿ ಹೇಳಿದೆ. ಅವನು ತಲೆಯಾಡಿಸಿ ಮತ್ತೆ ಕಿಟಕಿಯ ಕಡೆ ತಿರುಗಿದ.

ನಮಸ್ಕಾರ.